ಪ್ರಶ್ನೋತ್ತರ: ಕರ್ನಲ್‌ನ ಬಿಟ್ ಲೆಕ್ಕ ಮತ್ತು ಕಂಪೈಲರ್

ಬಿಟ್ ಮಟ್ಟದ ಕೋಡ್ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ತಿರುಗಿ ಮುರುಗಿ ಒಂದೇ ಕಡೆ ಬಂದು ನಿಲ್ಲುತ್ತವೆ: ನಾನು ಬರೆದದ್ದು ಸರಿಯಾಗಿದೆ, ಆದರೂ ಕಂಪೈಲರ್ ಅದನ್ನು ಚಿಕ್ಕದು ಮಾಡುತ್ತಿಲ್ಲ, ಯಾಕೆ? ಕಂಪೈಲರ್ ಅಂದರೆ ನಾವು ಬರೆದ ಸಿ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ. ಉತ್ತರಗಳಿಗೆಲ್ಲ ಲಿನಕ್ಸ್ ಕರ್ನಲ್ಲನ್ನೇ, ಅಂದರೆ ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನೇ, ಇಟ್ಟುಕೊಂಡಿದ್ದೇನೆ. ಅದರ ಸೋರ್ಸ್ ಯಾರು ಬೇಕಾದರೂ ತೆಗೆದು ನೋಡಬಹುದು, ನಾನು ಹೇಳಿದ್ದನ್ನು ಅಲ್ಲೇ ಪರೀಕ್ಷಿಸಬಹುದು.

ಪ್ರಶ್ನೆ: ಡ್ರೈವರ್ ಒಂದರಲ್ಲಿ ಎಫ್‌ಎಫ್‌ಎಸ್(4096) ಅಂತ ಬರೆದಿದ್ದೇನೆ. ಉತ್ತರ 13 ಅಂತ ಕಾಗದದ ಮೇಲೇ ಹೇಳಬಹುದು. ಆದರೆ ಹಳೇ ಕರ್ನಲ್ ಒಂದರಲ್ಲಿ ಬಿಲ್ಡ್ ಮಾಡಿ, ಹುಟ್ಟಿದ ಕೋಡನ್ನು ಬಿಡಿಸಿ ತೋರಿಸುವ ಆಬ್ಜ್‌ಡಂಪ್‌ನಲ್ಲಿ ನೋಡಿದರೆ, ಮೊದಲ 1 ಹುಡುಕುವ ಬಿಎಸ್‌ಎಫ್ ಇನ್‌ಸ್ಟ್ರಕ್ಷನ್ ಹಾಗೇ ಕೂತಿದೆ. ಕಂಪೈಲರ್‌ಗೆ ಇಷ್ಟು ಲೆಕ್ಕವೂ ಬರಲ್ವಾ? (ಎಂಬೆಡೆಡ್ ಎಂಜಿನಿಯರ್)

ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಅದಕ್ಕೆ ಲೆಕ್ಕ ಕಾಣಿಸಲಿಲ್ಲ, ಅಷ್ಟೇ.

ಹೊಸಬರಿಗಾಗಿ ಒಂದು ಮಾತು. ಎಫ್‌ಎಫ್‌ಎಸ್ ಅಂದರೆ ಒಂದು ಸಂಖ್ಯೆಯಲ್ಲಿ ಬಲಗಡೆಯಿಂದ ಮೊದಲು ಸಿಗುವ 1 ಯಾವ ಜಾಗದಲ್ಲಿದೆ ಅಂತ ಹೇಳುವ ಫಂಕ್ಷನ್. ಎಣಿಕೆ 1ರಿಂದ ಶುರು. 4096 ಅಂದರೆ 2ರ 12ನೇ ಘಾತ, ಹಾಗಾಗಿ ಉತ್ತರ 13. ಸೊನ್ನೆ ಕೊಟ್ಟರೆ ಸೊನ್ನೆ. ಇದರ ತಮ್ಮನಂತಿರುವ, ಮುಂದೆ ಎರಡು ಅಂಡರ್‌ಸ್ಕೋರ್ ಇರುವ __ಎಫ್‌ಎಫ್‌ಎಸ್ ಬೇರೆ. ಅದು 0ಯಿಂದ ಎಣಿಸುತ್ತದೆ, ಅದಕ್ಕೆ 4096 ಕೊಟ್ಟರೆ 12 ಬರುತ್ತದೆ, ಸೊನ್ನೆ ಕೊಟ್ಟರೆ ಏನು ಬರುತ್ತದೆ ಅನ್ನುವುದಕ್ಕೆ ಯಾವ ಭರವಸೆಯೂ ಇಲ್ಲ.

ಎಕ್ಸ್86 (ಇಂಟೆಲ್, ಎಎಮ್‌ಡಿ ಚಿಪ್‌ಗಳ) ಕರ್ನಲ್‌ನಲ್ಲಿ ಎಫ್‌ಎಫ್‌ಎಸ್ ಅನ್ನು ಇನ್‌ಲೈನ್ ಅಸೆಂಬ್ಲಿಯಲ್ಲಿ, ಅಂದರೆ ಸಿ ಕೋಡ್ ನಡುವೆಯೇ ಚಿಪ್‌ನ ಇನ್‌ಸ್ಟ್ರಕ್ಷನ್‌ಗಳನ್ನು ನೇರವಾಗಿ, ಬರೆದಿದ್ದಾರೆ. ಇನ್‌ಲೈನ್ ಅಸೆಂಬ್ಲಿ ಕಂಪೈಲರ್ ಪಾಲಿಗೆ ಅಂಟಿಸಿದ ಲಕೋಟೆ ಇದ್ದ ಹಾಗೆ. ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಅನ್ನುವುದು ಮೇಲೆ ಬರೆದಿರುತ್ತದೆ, ಒಳಗೇನಿದೆ ಅಂತ ಅದು ಓದುವುದಿಲ್ಲ. ಈ ರಿಜಿಸ್ಟರ್‌ನಲ್ಲಿ ಒಂದು ಇನ್‌ಪುಟ್ ಬೇಕು, ಆ ರಿಜಿಸ್ಟರ್‌ನಲ್ಲಿ ಒಂದು ಔಟ್‌ಪುಟ್ ಬರುತ್ತದೆ. ಅಷ್ಟು ಮಾತ್ರ ಅದಕ್ಕೆ ಗೊತ್ತು. ಬಿಎಸ್‌ಎಫ್ ಅನ್ನುವ ಅಕ್ಷರಗಳಿಗೆ ಅರ್ಥ ಕೊಡುವುದು ಆಮೇಲೆ ಬರುವ ಅಸೆಂಬ್ಲರ್. ಅಷ್ಟು ಹೊತ್ತಿಗೆ ಆಪ್ಟಿಮೈಸ್ ಮಾಡುವ ಕೆಲಸ ಮುಗಿದೇ ಹೋಗಿರುತ್ತದೆ.

ನಷ್ಟ ಒಂದು ಇನ್‌ಸ್ಟ್ರಕ್ಷನ್‌ಗೆ ನಿಲ್ಲುವುದಿಲ್ಲ, ಮುಖ್ಯವಾದ ವಿಷಯ ಇದು. ಉತ್ತರ 13 ಅಂತ ಕಂಪೈಲರ್‌ಗೆ ಗೊತ್ತಾಗಿದ್ದರೆ ಅದರ ಮೇಲೆ ನಿಂತ ಷಿಫ್ಟ್, ಅದರ ಮೇಲೆ ನಿಂತ ಇಫ್, ಆ ಇಫ್‌ನ ಒಂದು ಕೊಂಬೆಯಲ್ಲಿರುವ ಫಂಕ್ಷನ್ ಕರೆ, ಎಲ್ಲ ಒಂದರ ಹಿಂದೆ ಒಂದು ಕರಗಿ ಹೋಗುತ್ತಿದ್ದವು. ಉತ್ತರ ಗೊತ್ತಾಗದಿದ್ದರೆ ಆ ಸರಪಳಿ ಮೊದಲ ಕೊಂಡಿಯಲ್ಲೇ ನಿಲ್ಲುತ್ತದೆ.

ಪರಿಹಾರ ಸುಲಭ. ಜಿಸಿಸಿ, ಕ್ಲಾಂಗ್ ಅನ್ನುವ ಎರಡು ಕಂಪೈಲರ್‌ಗಳಲ್ಲೂ ಬಿಲ್ಟಿನ್ ಎಫ್‌ಎಫ್‌ಎಸ್ ಇದೆ, ಅದರ ಅರ್ಥ ಕಂಪೈಲರ್‌ಗೆ ಹುಟ್ಟಿನಿಂದಲೇ ಗೊತ್ತು. ಬಿಲ್ಟಿನ್ ಕಾನ್‌ಸ್ಟಂಟ್ ಪಿ ಅನ್ನುವ ಇನ್ನೊಂದು ಇದೆ. ಈ ಬೆಲೆ ಈಗಲೇ ನಿನಗೆ ಗೊತ್ತಾ ಅಂತ ಕಂಪೈಲರನ್ನೇ ಕೇಳುವುದು. ಗೊತ್ತು ಅಂದರೆ ಬಿಲ್ಟಿನ್ ಕಡೆಗೆ ಕಳಿಸಿ, ಇಲ್ಲ ಅಂದರೆ ಅಸೆಂಬ್ಲಿ ಕಡೆಗೆ ಕಳಿಸಿ. ಎಕ್ಸ್86ನಲ್ಲಿ 2022ರಲ್ಲಿ ಮಾಡಿದ್ದು ಇದನ್ನೇ. ಹೊಸ ಕರ್ನಲ್‌ನಲ್ಲಿ ನಿಮ್ಮ ಅದೇ ಸಾಲನ್ನು ಬಿಲ್ಡ್ ಮಾಡಿ ನೋಡಿ, ಬಿಎಸ್‌ಎಫ್ ಜಾಗದಲ್ಲಿ ನೇರವಾಗಿ 13 ಕೂತಿರುತ್ತದೆ.

ಪ್ರಶ್ನೆ: ಹಾಗಾದರೆ ಅಸೆಂಬ್ಲಿ ಎಲ್ಲ ಕಿತ್ತು ಹಾಕಿ ಎಲ್ಲ ಕಡೆ ಬಿಲ್ಟಿನ್ ಹಾಕಿಬಿಟ್ಟರೆ ಆಯ್ತಲ್ಲ? ಎರಡೆರಡು ದಾರಿ ಯಾಕೆ?

ಆಸೆ ಸಹಜ. ಆದರೆ ಮೂರು ಕಡೆ ಕಾಲು ಸಿಕ್ಕಿಹಾಕಿಕೊಳ್ಳುತ್ತದೆ.

ಮೊದಲನೆಯದು ಸೊನ್ನೆ. ಬಿಎಸ್‌ಎಫ್‌ಗೆ ಸೊನ್ನೆ ಕೊಟ್ಟರೆ ಉತ್ತರದ ರಿಜಿಸ್ಟರ್ ಹಾಗೇ ಉಳಿಯುತ್ತದೆ ಅಂತ ಎಎಮ್‌ಡಿ ದಾಖಲೆಯಲ್ಲಿದೆ. ಇಂಟೆಲ್‌ನ ಕೈಪಿಡಿ ತುಂಬಾ ಕಾಲ ಅದನ್ನು ಅನಿರ್ದಿಷ್ಟ ಅಂತಲೇ ಬರೆದಿತ್ತು, ಆದರೆ ಅದರ ಚಿಪ್‌ಗಳು ನಡೆದುಕೊಂಡದ್ದು ಎಎಮ್‌ಡಿ ಬರೆದ ಹಾಗೆಯೇ. 64 ಬಿಟ್ ಕರ್ನಲ್‌ನ ಅಸೆಂಬ್ಲಿ ಇದನ್ನು ಬಳಸಿಕೊಳ್ಳುತ್ತದೆ: ರಿಜಿಸ್ಟರ್‌ನಲ್ಲಿ ಮೊದಲೇ -1 ಇಟ್ಟು ಬಿಎಸ್‌ಎಫ್ ಓಡಿಸಿ ಕೊನೆಗೆ 1 ಕೂಡಿಸುತ್ತದೆ. ಸೊನ್ನೆ ಬಂದರೆ -1ಕ್ಕೆ 1 ಕೂಡಿ ತಾನಾಗಿ ಸೊನ್ನೆ ಆಗುತ್ತದೆ, ಬೇರೆ ಪರೀಕ್ಷೆ ಬೇಡ. ಹಳೇ ಚಿಪ್‌ಗಳಿಗೂ ಓಡಬೇಕಾದ ಕೋಡ್ ಬರೆಯುವಾಗ ಜಿಸಿಸಿ ಅಷ್ಟು ಧೈರ್ಯ ಮಾಡುವುದಿಲ್ಲ, ಜೊತೆಗೊಂದು ಕಂಡೀಷನಲ್ ಮೂವ್ ಸೇರಿಸುತ್ತದೆ. ಅಂದರೆ ಬೆಲೆ ಗೊತ್ತಿಲ್ಲದಾಗ ಕೈಬರಹದ ಅಸೆಂಬ್ಲಿಯೇ ಚಿಕ್ಕದು, ಬೆಲೆ ಗೊತ್ತಿರುವಾಗ ಬಿಲ್ಟಿನ್ ಚಿಕ್ಕದು. ಎರಡು ದಾರಿ ಇರುವುದು ಇದಕ್ಕೇ.

ಎರಡನೆಯದು ಬಿಟ್‌ಗಳ ಎಣಿಕೆ, ಕರ್ನಲ್ ಇದನ್ನು ಎಚ್‌ವೇಯ್ಟ್ ಅನ್ನುತ್ತದೆ. ಇದಕ್ಕೆ ಪಾಪ್‌ಕೌಂಟ್ ಅನ್ನುವ ಒಂದೇ ಇನ್‌ಸ್ಟ್ರಕ್ಷನ್ ಇದೆ, ಆದರೆ ಮೂಲ ಎಕ್ಸ್86 64 ಬಿಟ್ ಚಿಪ್‌ಗಳಲ್ಲಿ ಅದು ಇರಲಿಲ್ಲ. ಒಂದೇ ಕರ್ನಲ್ ಇಮೇಜ್ ಎಲ್ಲ ಚಿಪ್‌ಗಳ ಮೇಲೂ ಓಡಬೇಕು. ನೀವು ಬಿಲ್ಟಿನ್ ಪಾಪ್‌ಕೌಂಟ್ ಬರೆದರೆ ಜಿಸಿಸಿ ತನ್ನ ಲಿಬ್‌ಜಿಸಿಸಿ ಲೈಬ್ರರಿಯ ಫಂಕ್ಷನ್ ಕರೆಯುತ್ತದೆ. ಎಕ್ಸ್86 ಕರ್ನಲ್ ಆ ಲೈಬ್ರರಿ ಜೊತೆ ಲಿಂಕ್ ಆಗುವುದೇ ಇಲ್ಲ, ಹಾಗಾಗಿ ಕೊನೆಯಲ್ಲಿ ಲಿಂಕರ್ ಎರರ್. ಕರ್ನಲ್ ಮಾಡುವುದು ಬೇರೆ ರೀತಿ. ಕೋಡ್‌ನಲ್ಲಿ ಒಂದು ಸಾಫ್ಟ್‌ವೇರ್ ಫಂಕ್ಷನ್‌ನ ಕರೆ ಇಟ್ಟಿರುತ್ತದೆ, ಬೂಟ್ ಆಗುವಾಗ ಚಿಪ್‌ನಲ್ಲಿ ಪಾಪ್‌ಕೌಂಟ್ ಇದೆಯಾ ಅಂತ ನೋಡಿ, ಇದ್ದರೆ ಆ ಕರೆಯ ಮೇಲೇ ಪಾಪ್‌ಕೌಂಟ್ ಇನ್‌ಸ್ಟ್ರಕ್ಷನ್ ಬರೆದುಬಿಡುತ್ತದೆ. ಬೂಟ್ ಹೊತ್ತಿನ ಈ ಬದಲಾವಣೆ ಕಂಪೈಲರ್ ಕೈಲಿ ಆಗುವ ಕೆಲಸ ಅಲ್ಲ. ಬೆಲೆ ಮೊದಲೇ ಗೊತ್ತಿದ್ದರೆ ಮಾತ್ರ, ಇಲ್ಲೂ ಬೇರೆ ಮ್ಯಾಕ್ರೋ ಇದೆ, ಅದು ಕಂಪೈಲ್ ಹೊತ್ತಿಗೇ ಎಣಿಸಿ ಮುಗಿಸುತ್ತದೆ.

ಮೂರನೆಯದು ಅಟಾಮಿಕ್ ಕೆಲಸಗಳು, ಅಂದರೆ ನಡುವೆ ಬೇರೆ ಸಿಪಿಯು ಕೈ ಹಾಕಲಾಗದಂತೆ ಒಂದೇ ಏಟಿಗೆ ಮುಗಿಯುವ ಕೆಲಸಗಳು. ಅವುಗಳ ಪ್ರಶ್ನೆ ಮುಂದೆ ಬರುತ್ತದೆ.

ಪ್ರಶ್ನೆ: ಎಫ್‌ಎಫ್‌ಎಸ್ ಮಾದರಿಯ ಫಂಕ್ಷನ್‌ಗಳ ಮೇಲೆ ಕಾನ್ಸ್ಟ್ ಆಟ್ರಿಬ್ಯೂಟ್ ಹಾಕುವ ಪ್ಯಾಚ್‌ಗಳು ಬಂದವು ಅಂತ ಓದಿದೆ. ಫಂಕ್ಷನ್ ಹೇಗೂ ಹೆಡರ್‌ನಲ್ಲೇ ಇನ್‌ಲೈನ್ ಆಗಿ ಇದೆ. ಒಳಗಿರುವುದೆಲ್ಲ ಕಂಪೈಲರ್‌ಗೆ ಕಾಣುವಾಗ ಈ ಗುರುತಿನಿಂದ ಏನು ಲಾಭ? ಸುಮ್ನೆ ಅಲಂಕಾರ ಅಲ್ವಾ? (ಕರ್ನಲ್ ಕಲಿಯುತ್ತಿರುವ ವಿದ್ಯಾರ್ಥಿನಿ)

ಒಳ್ಳೆಯ ಪ್ರಶ್ನೆ, ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ.

ಮೊದಲು ಆ ಗುರುತಿನ ಅರ್ಥ ಸ್ಪಷ್ಟ ಮಾಡಿಕೊಳ್ಳೋಣ. ಪಾಯಿಂಟರ್‌ಗೆ ಹಾಕುವ ಕಾನ್ಸ್ಟ್ ಬೇರೆ, ಇದು ಬೇರೆ. ಫಂಕ್ಷನ್ ಮೇಲೆ ಈ ಆಟ್ರಿಬ್ಯೂಟ್ ಹಾಕಿದರೆ ನೀವು ಕಂಪೈಲರ್‌ಗೆ ಮಾತು ಕೊಟ್ಟಂತೆ: ಈ ಫಂಕ್ಷನ್‌ನ ಉತ್ತರ ಕೊಟ್ಟ ಆರ್ಗ್ಯುಮೆಂಟ್‌ಗಳ ಮೇಲೆ ಮಾತ್ರ ನಿಂತಿದೆ. ಇದು ಬದಲಾಗುವ ಮೆಮೊರಿ ಓದುವುದಿಲ್ಲ, ಎಲ್ಲಿಗೂ ಬರೆಯುವುದಿಲ್ಲ, ಕರೆದರೆ ಉತ್ತರ ಬಿಟ್ಟು ಬೇರೇನೂ ಆಗುವುದಿಲ್ಲ.

ಈ ಮಾತು ಸಿಕ್ಕರೆ ಕಂಪೈಲರ್ ಏನೇನು ಮಾಡಬಹುದು ನೋಡಿ. ಒಂದೇ ಬೆಲೆಗೆ ಎರಡು ಸಲ ಕರೆದಿದ್ದರೆ ಒಂದು ಸಲ ಕರೆದು ಉತ್ತರ ಇಟ್ಟುಕೊಳ್ಳಬಹುದು. ಲೂಪ್ ಒಳಗಿದ್ದು ಆರ್ಗ್ಯುಮೆಂಟ್ ಬದಲಾಗದಿದ್ದರೆ ಕರೆಯನ್ನು ಹೊರಗೆ ತರಬಹುದು. ಉತ್ತರ ಯಾರೂ ಬಳಸದಿದ್ದರೆ ಕರೆಯನ್ನೇ ತೆಗೆದುಹಾಕಬಹುದು. ಇವೆಲ್ಲ ಪುಸ್ತಕದಲ್ಲಿ ಸಿಗುವ ಲಾಭಗಳು. ಕರ್ನಲ್‌ನಲ್ಲಿ ಹೆಚ್ಚು ತೂಕ ಇರುವುದು ನಾಲ್ಕನೆಯದಕ್ಕೆ: ಕರೆಯ ಆಚೆ ಈಚೆ ಇರುವ ಬೇರೆ ವೇರಿಯಬಲ್‌ಗಳ ಬಗ್ಗೆ ತನಗೆ ಗೊತ್ತಿದ್ದದ್ದನ್ನು ಕಂಪೈಲರ್ ಮರೆಯಬೇಕಾಗಿಲ್ಲ.

ಒಂದು ಸ್ಟ್ರಕ್ಟ್‌ಗೆ ನೀವು ಆರಂಭದಲ್ಲೇ ಬೆಲೆಗಳನ್ನು ತುಂಬಿದ್ದೀರಿ, ಒಂದು ಫೀಲ್ಡ್‌ನಲ್ಲಿ 16 ಇದೆ ಅಂದುಕೊಳ್ಳಿ. ಆಮೇಲೆ ಒಂದು ಫಂಕ್ಷನ್ ಕರೆಯುತ್ತೀರಿ. ಅದು ಏನು ಮಾಡುತ್ತದೆ ಅಂತ ಗೊತ್ತಿಲ್ಲದಿದ್ದರೆ, ಅದು ಎಲ್ಲೋ ಹೋಗಿ ಆ 16ನ್ನು ಬದಲಾಯಿಸಿರಲೂಬಹುದು ಅಂತ ಕಂಪೈಲರ್ ಎಣಿಸಲೇಬೇಕು. ಎಣಿಸಿದ ಮೇಲೆ ಆ ಫೀಲ್ಡ್ ಅದರ ಲೆಕ್ಕದಲ್ಲಿ ಗೊತ್ತಿರುವ ಬೆಲೆ ಆಗಿ ಉಳಿಯುವುದಿಲ್ಲ.

2025ರಲ್ಲಿ ಆದದ್ದು ಇದೇ ಜಾತಿಯ ತೊಂದರೆ. ಕರ್ನಲ್‌ನಲ್ಲಿ ಬಿಲ್ಡ್ ಬಗ್ ಆನ್ ಅನ್ನುವ ಮ್ಯಾಕ್ರೋ ಇದೆ, ಕೊಟ್ಟ ಷರತ್ತು ನಿಜವಾದರೆ ಬಿಲ್ಡ್ ಹೊತ್ತಿಗೇ ನಿಲ್ಲಿಸುವುದು ಅದರ ಕೆಲಸ. ಅದಕ್ಕೆ ಕೊಡುವ ಬೆಲೆ ಕಂಪೈಲರ್‌ಗೆ ಆಗಲೇ ಗೊತ್ತಿರಬೇಕು. ಚೆನ್ನಾಗಿ ನಡೆಯುತ್ತಿದ್ದ ಅಂಥ ಪರೀಕ್ಷೆ ಹೊಸದೊಂದು ಇನಿಷಿಯಲೈಸರ್ (ವೇರಿಯಬಲ್‌ಗೆ ಆರಂಭದ ಬೆಲೆ ತುಂಬುವ ಕೋಡ್) ಸೇರಿಸಿದ ಮೇಲೆ ಇದ್ದಕ್ಕಿದ್ದಂತೆ ಕೈಕೊಟ್ಟಿತು. ಜಾಡು ಹಿಡಿದು ಹೋದರೆ ಆ ಇನಿಷಿಯಲೈಸರ್ ಮ್ಯಾಕ್ರೋ ಒಳಗೆ ಎಫ್‌ಎಫ್‌ಎಸ್ ಕರೆ ಇತ್ತು. ಎಫ್‌ಎಫ್‌ಎಸ್ ಮೇಲೆ ಗುರುತಿರಲಿಲ್ಲ, ಹಾಗಾಗಿ ಅದು ಬೇರೆ ವೇರಿಯಬಲ್‌ಗಳನ್ನೂ ಮುಟ್ಟಬಹುದು ಅಂತ ಕಂಪೈಲರ್ ಎಚ್ಚರಿಕೆ ವಹಿಸಿತು. ಮೊದಲೇ ತುಂಬಿಸಿಟ್ಟ ಬೆಲೆಗಳ ಲೆಕ್ಕ ಅಲ್ಲಿಗೆ ತಪ್ಪಿಹೋಯಿತು. ಬರೀ ಗಣಿತ ಮಾಡುವ ಒಂದು ಫಂಕ್ಷನ್, ಸಂಬಂಧವೇ ಇಲ್ಲದ ಇನ್ನೊಂದು ಕಡೆಯ ಪರೀಕ್ಷೆಯನ್ನು ಕೆಡಿಸಿದ್ದು ಹೀಗೆ. ಆಮೇಲೆ ಎಫ್‌ಎಫ್‌ಎಸ್, ಎಫ್‌ಎಲ್‌ಎಸ್ (ಎಡಗಡೆಯಿಂದ ಮೊದಲು ಸಿಗುವ 1 ಹುಡುಕುವುದು) ಗುಂಪಿನ ಸಾಮಾನ್ಯ ಆವೃತ್ತಿಗಳಿಗೂ ಹಲವು ಆರ್ಕಿಟೆಕ್ಚರ್‌ಗಳ ಸ್ವಂತ ಆವೃತ್ತಿಗಳಿಗೂ ಈ ಗುರುತು ಸೇರಿತು, ಜೊತೆಗೆ ಆ ಫಂಕ್ಷನ್‌ಗಳಿಗೆ ಕರ್ನಲ್‌ನ ಸ್ವಂತ ಪರೀಕ್ಷಾ ಚೌಕಟ್ಟಾದ ಕೆಯುನಿಟ್‌ನಲ್ಲಿ ಪರೀಕ್ಷೆಗಳೂ ಬಂದವು.

ಇನ್ನು ನಿಮ್ಮ ಮುಖ್ಯ ಸಂದೇಹ, ಇನ್‌ಲೈನ್ ಇದ್ದರೆ ಕಾಣುವುದಿಲ್ಲವೇ ಅನ್ನುವುದು. ಇನ್‌ಲೈನ್ ಅನ್ನುವುದು ಸಲಹೆ ಅಷ್ಟೇ, ಆಜ್ಞೆ ಅಲ್ಲ. ಅಳತೆ ಕಡಿಮೆ ಮಾಡುವ ಆಯ್ಕೆಯಲ್ಲಿ ಬಿಲ್ಡ್ ಮಾಡಿದರೆ ಕಂಪೈಲರ್ ಅದನ್ನು ಬೇರೆ ಫಂಕ್ಷನ್ ಆಗಿಯೇ ಉಳಿಸಬಹುದು. ಕೆಲವು ಆರ್ಕಿಟೆಕ್ಚರ್‌ಗಳಲ್ಲಿ ಒಳಗಿರುವುದು ಅಸೆಂಬ್ಲಿ, ಕಂಡರೂ ಅರ್ಥ ಆಗುವುದಿಲ್ಲ. ಅಲ್ಲದೆ ಕಂಪೈಲರ್ ಹಂತ ಹಂತವಾಗಿ ಕೆಲಸ ಮಾಡುತ್ತದೆ. ಇನ್‌ಲೈನ್ ಮಾಡುವುದಕ್ಕೆ ಮುಂಚಿನ ಹಂತಗಳಲ್ಲೂ ನಿರ್ಧಾರಗಳು ಆಗುತ್ತವೆ, ಆಗ ಅದರ ಮುಂದೆ ಇರುವುದು ಬರೀ ಒಂದು ಕರೆ. ಗುರುತು ಇದ್ದರೆ ಮೊದಲ ಹಂತದಿಂದಲೇ ವಿಷಯ ಗೊತ್ತಿರುತ್ತದೆ.

ಒಂದು ಎಚ್ಚರ ಮಾತ್ರ ಇಟ್ಟುಕೊಳ್ಳಿ. ಗುರುತು ಹಾಕಿದ ತಕ್ಷಣ ಅಸೆಂಬ್ಲಿ ಒಳಗಿನ ಉತ್ತರ ಲೆಕ್ಕ ಆಗಿಬಿಡುವುದಿಲ್ಲ. 4096ಕ್ಕೆ 13 ಅಂತ ಗೊತ್ತಾಗಬೇಕಾದರೆ ಬಿಲ್ಟಿನ್ ಬೇಕು, ಅಥವಾ ಫಂಕ್ಷನ್ ಮಾಮೂಲಿ ಸಿ ಕೋಡ್‌ನಲ್ಲಿ ಕಣ್ಣೆದುರು ಇರಬೇಕು. ಗುರುತು ಹೇಳುವುದು ಇದರಿಂದ ಬೇರೆ ಯಾವುದಕ್ಕೂ ತೊಂದರೆ ಇಲ್ಲ ಅಂತ. ಎರಡೂ ಬೇರೆ ಬೇರೆ ಸಹಾಯ, ಎರಡೂ ಬೇಕು.

ಪ್ರಶ್ನೆ: ಹಾಗಿದ್ದರೆ ನನ್ನ ಬಿಟ್ ಹೆಲ್ಪರ್ ಫಂಕ್ಷನ್‌ಗಳಿಗೆಲ್ಲ, ಫೈಂಡ್ ಫಸ್ಟ್ ಬಿಟ್ ತರಹದ್ದಕ್ಕೂ, ಕಾನ್ಸ್ಟ್ ಅಂಟಿಸಿಬಿಡಲಾ?

ದಯವಿಟ್ಟು ಬೇಡ.

ಫೈಂಡ್ ಫಸ್ಟ್ ಬಿಟ್‌ಗೆ ನೀವು ಕೊಡುವುದು ಬಿಟ್‌ಮ್ಯಾಪ್‌ನ, ಅಂದರೆ ಮೆಮೊರಿಯಲ್ಲಿ ಸಾಲಾಗಿ ಇಟ್ಟ ಬಿಟ್‌ಗಳ, ವಿಳಾಸ. ಅದು ಆ ವಿಳಾಸದಲ್ಲಿರುವ ಮೆಮೊರಿ ಓದುತ್ತದೆ. ನೀವು ಕಾನ್ಸ್ಟ್ ಹಾಕಿದರೆ ಏನಾಗುತ್ತದೆ? ಮೊದಲು ಕರೆದಿರಿ, 5 ಬಂತು. ಆಮೇಲೆ 5ನೇ ಬಿಟ್ ಅಳಿಸಿದಿರಿ, ಮತ್ತೆ ಕರೆದಿರಿ. ವಿಳಾಸ ಅದೇ, ಹಾಗಾಗಿ ಕಂಪೈಲರ್ ಹಳೇ 5ನ್ನೇ ಕೊಟ್ಟುಬಿಡಬಹುದು, ನೀವೇ ಕೊಟ್ಟ ಮಾತಿನ ಪ್ರಕಾರ ಅದರಲ್ಲಿ ತಪ್ಪೂ ಇಲ್ಲ. ಬಿಟ್‌ಗಳನ್ನು ಒಂದೊಂದಾಗಿ ತೆಗೆದು ಅಳಿಸುವ ಲೂಪ್ ಆಗಿದ್ದರೆ ಅದು ಮುಗಿಯುವುದೇ ಇಲ್ಲ. ಇಂಥ ಬಗ್ ಒಂದು ಕಂಪೈಲರ್ ಆವೃತ್ತಿಯಲ್ಲಿ ಕಾಣಿಸದೆ ಇನ್ನೊಂದರಲ್ಲಿ ಕಾಣಿಸುತ್ತದೆ, ಹುಡುಕುವುದು ನಿಜಕ್ಕೂ ಕಷ್ಟ.

ಓದುತ್ತದೆ ಆದರೆ ಬರೆಯುವುದಿಲ್ಲ ಅನ್ನುವ ಫಂಕ್ಷನ್‌ಗಳಿಗೆ ಪ್ಯೂರ್ ಅನ್ನುವ ಸ್ವಲ್ಪ ಸಡಿಲ ಗುರುತಿದೆ. ಅದನ್ನು ಹಾಕಿದರೂ ಕಂಪೈಲರ್ ನಡುವೆ ಮೆಮೊರಿ ಬದಲಾಯಿತಾ ಅಂತ ನೋಡಿಯೇ ಮುಂದುವರಿಯುತ್ತದೆ. ಆದರೆ ಬೇರೆ ಸಿಪಿಯು ಬದಲಾಯಿಸಿದ್ದು ಅದಕ್ಕೆ ಕಾಣುವುದಿಲ್ಲ, ಅದನ್ನು ಮರೆಯಬೇಡಿ. ಇನ್ನೊಂದು, ಗುರುತು ಹಾಕಿದ ಫಂಕ್ಷನ್ ಒಳಗೆ ಡೀಬಗ್‌ಗೆ ಅಂತ ಪ್ರಿಂಟ್‌ಕೆ (ಕರ್ನಲ್ ಲಾಗ್‌ಗೆ ಸಂದೇಶ ಬರೆಯುವ ಫಂಕ್ಷನ್) ಅಥವಾ ಕೌಂಟರ್ ಇಡಬೇಡಿ. ಕರೆಯೇ ಮಾಯವಾದರೆ ಅವೂ ಮಾಯ. ತಪ್ಪು ಮಾತು ಕೊಡುವುದಕ್ಕಿಂತ ಏನೂ ಹೇಳದಿರುವುದು ಎಷ್ಟೋ ವಾಸಿ.

ಪ್ರಶ್ನೆ: ಟೆಸ್ಟ್‌ಬಿಟ್ ಅನ್ನು ಒಂದೇ ವರ್ಡ್ ಮೇಲೆ ಬೇರೆ ಬೇರೆ ಬಿಟ್‌ಗೆ ಸಾಲಾಗಿ ಮೂರು ಸಲ ಕರೆದರೆ ಮೂರು ಸಲವೂ ಮೆಮೊರಿಯಿಂದ ಓದುತ್ತಿದೆ. ಒಂದು ಸಲ ಓದಿದರೆ ಸಾಲದೇ? (ಸ್ಟೋರೇಜ್ ಡ್ರೈವರ್ ಬರೆಯುವವರು)

ಒಂದು ಬಿಟ್ 1 ಆಗಿದೆಯಾ ಅಂತ ನೋಡುವ ಟೆಸ್ಟ್‌ಬಿಟ್ ತೆಗೆದುಕೊಳ್ಳುವ ಪಾಯಿಂಟರ್ ಮೇಲೆ ವೊಲಟೈಲ್ ಇದೆ. ಪ್ರತಿ ಸಲವೂ ನಿಜವಾಗಿ ಓದು ಅಂತ ಅರ್ಥ. ಅದು ಬೇಕೂಂತಲೇ ಇಟ್ಟದ್ದು, ಯಾಕೆಂದರೆ ಇನ್ನೊಂದು ಸಿಪಿಯು ಅಥವಾ ಇಂಟರಪ್ಟ್ ಆ ಬಿಟ್ ಬದಲಾಯಿಸುತ್ತಿರಬಹುದು. ಬಿಟ್ 1 ಆಗುವವರೆಗೆ ಕಾಯುವ ಲೂಪ್‌ನಲ್ಲಿ ಕಂಪೈಲರ್ ಒಂದೇ ಸಲ ಓದಿ ಕೂತರೆ ಆ ಲೂಪ್ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ನಿಮ್ಮ ಜಾಗದಲ್ಲಿ ಆ ವರ್ಡ್ ಬೇರೆ ಯಾರೂ ಮುಟ್ಟುವುದಿಲ್ಲ ಅಂತ ಲಾಕ್ ಹಿಡಿದು ಖಾತ್ರಿ ಇದ್ದರೆ, ವರ್ಡನ್ನು ಒಂದು ಸ್ಥಳೀಯ ವೇರಿಯಬಲ್‌ಗೆ ಒಮ್ಮೆ ಓದಿ, ಅದರ ಮೇಲೆ ಬಿಟ್ ಮ್ಯಾಕ್ರೋದಿಂದ (ಕೇಳಿದ ಒಂದು ಬಿಟ್ ಮಾತ್ರ 1 ಇರುವ ಸಂಖ್ಯೆ ಕೊಡುತ್ತದೆ) ಮಾಮೂಲಿ ಆಂಡ್ ಮಾಡಿ. ಮೂರು ಪರೀಕ್ಷೆಗಳನ್ನೂ ಒಂದೇ ಮಾಸ್ಕ್ ಆಗಿ ಸೇರಿಸುವ ಅವಕಾಶ ಕಂಪೈಲರ್‌ಗೆ ಆಗ ಸಿಗುತ್ತದೆ.

ಬರೆಯುವ ಕಡೆಯೂ ಇದೇ ಕಥೆ. ಬಿಟ್ ಒಂದನ್ನು 1 ಮಾಡುವ, ಅಂಡರ್‌ಸ್ಕೋರ್ ಇಲ್ಲದ ಸೆಟ್‌ಬಿಟ್ ಅಟಾಮಿಕ್, ಎಕ್ಸ್86ನಲ್ಲಿ ಲಾಕ್ ಪ್ರಿಫಿಕ್ಸ್ ಇರುವ ಇನ್‌ಸ್ಟ್ರಕ್ಷನ್ ಆಗುತ್ತದೆ. ಕಂಪೈಲರ್ ಅದನ್ನು ತೆಗೆಯುವುದೂ ಇಲ್ಲ, ಒಂದಕ್ಕೊಂದು ಸೇರಿಸುವುದೂ ಇಲ್ಲ. ಇಲ್ಲೂ ಒಂದು ಸೊಗಸಾದ ವಿವರ ಇದೆ. ಬಿಟ್ ಸಂಖ್ಯೆ ಮೊದಲೇ ಗೊತ್ತಿದ್ದರೆ ಕರ್ನಲ್ ಬಿಟಿಎಸ್ (ಬಿಟ್ ಒಂದನ್ನು 1 ಮಾಡುವ ಇನ್‌ಸ್ಟ್ರಕ್ಷನ್) ಬಿಟ್ಟು ಒಂದು ಬೈಟ್ ಮೇಲೆ ಲಾಕ್ ಸಹಿತ ಆರ್ ಮಾಡುತ್ತದೆ, ಯಾಕೆಂದರೆ ಮೆಮೊರಿ ಮೇಲೆ ರಿಜಿಸ್ಟರ್‌ನಿಂದ ಬಿಟ್ ಸಂಖ್ಯೆ ಕೊಟ್ಟಾಗ ಬಿಟಿಎಸ್ ಆ ವರ್ಡ್‌ನ ಆಚೆಗೂ ಹೋಗಿ ವಿಳಾಸ ಲೆಕ್ಕ ಹಾಕಬೇಕು, ಅದು ನಿಧಾನ.

ಅಂಡರ್‌ಸ್ಕೋರ್ ಇರುವ __ಸೆಟ್‌ಬಿಟ್ ಅಟಾಮಿಕ್ ಅಲ್ಲ. ಒಂದು ಫಂಕ್ಷನ್ ಒಳಗೆ ಈಗತಾನೇ ಹುಟ್ಟಿದ ಬಿಟ್‌ಮ್ಯಾಪ್‌ಗೆ ಬೇಕಾಗಿರುವುದು ಇದೇ. 2022ರ ಅಕ್ಟೋಬರ್‌ನಲ್ಲಿ ಬಂದ 6.0 ಆವೃತ್ತಿಯಲ್ಲಿ ಇವುಗಳನ್ನು ಇನ್ನಷ್ಟು ತೆರೆದರು: ಬಿಟ್ ಸಂಖ್ಯೆಯೂ ಆ ವಿಳಾಸದಲ್ಲಿರುವ ಬೆಲೆಯೂ ಕಂಪೈಲರ್‌ಗೆ ಗೊತ್ತಿದ್ದರೆ ವೊಲಟೈಲ್ ಇಲ್ಲದ ಮಾಮೂಲಿ ಸಿ ಆವೃತ್ತಿಗೆ ಹೋಗುತ್ತದೆ, ಇಡೀ ಕೆಲಸ ಬಿಲ್ಡ್ ಹೊತ್ತಿಗೇ ಮುಗಿಯುತ್ತದೆ. ಅದಕ್ಕೂ ಮುಂಚೆ, ಒಂದು ಖಾಲಿ ಬಿಟ್‌ಮ್ಯಾಪ್ ಮಾಡಿ, ಎರಡು ಬಿಟ್‌ಗಳನ್ನು 1 ಮಾಡಿ, ಅದನ್ನೇ ಪರೀಕ್ಷೆ ಮಾಡಿದರೂ ಎಲ್ಲ ಮೆಮೊರಿಯಲ್ಲೇ ನಡೆಯಬಹುದಿತ್ತು.

ಪ್ರಶ್ನೆ: ನನ್ನ ಬಿಟ್‌ಮ್ಯಾಪ್‌ನಲ್ಲಿ ಇರುವುದು 20 ಬಿಟ್ ಮಾತ್ರ. ಇದಕ್ಕೆ ಫೈಂಡ್ ನೆಕ್ಸ್ಟ್ ಬಿಟ್ ಬಳಸಿದರೆ ದುಬಾರಿ ಅಲ್ವಾ? ನಾನೇ ಲೂಪ್ ಬರೆಯಲಾ?

ಬೇಡ. 20 ಅನ್ನುವುದು ಕಾನ್‌ಸ್ಟಂಟ್ ಆಗಿದ್ದರೆ ಸಾಕು. ಗಾತ್ರ ಕಂಪೈಲ್ ಹೊತ್ತಿಗೆ ಗೊತ್ತಿದ್ದು ಒಂದು ಲಾಂಗ್‌ನೊಳಗೆ ಹಿಡಿಸುವುದಾದರೆ ಕರ್ನಲ್‌ನ ಹೆಡರ್ ಬೇರೆ ದಾರಿ ಹಿಡಿಯುತ್ತದೆ: ವರ್ಡ್ ಓದಿ, ಬೇಡದ ಬಿಟ್‌ಗಳನ್ನು ಮಾಸ್ಕ್ ಮಾಡಿ, ಏನಾದರೂ ಉಳಿದರೆ __ಎಫ್‌ಎಫ್‌ಎಸ್, ಇಲ್ಲದಿದ್ದರೆ ಗಾತ್ರವನ್ನೇ ವಾಪಸ್ ಕೊಡುವುದು. ಫಂಕ್ಷನ್ ಕರೆಯೂ ಇಲ್ಲ, ಲೂಪೂ ಇಲ್ಲ. ಉಳಿದರೆ ಮಾತ್ರ ಅನ್ನುವ ಆ ಪರೀಕ್ಷೆ ಇರುವುದು ಮೇಲೆ ಹೇಳಿದ ಸೊನ್ನೆಯ ತೊಂದರೆಗೇ.

ಗಾತ್ರವನ್ನು ಸ್ಟ್ರಕ್ಟ್‌ನ ಫೀಲ್ಡ್‌ನಲ್ಲಿ ಇಟ್ಟು ಅಲ್ಲಿಂದ ಕೊಟ್ಟರೆ ಈ ಲಾಭ ಸಿಗುವುದಿಲ್ಲ. ಎಂದೂ ಬದಲಾಗದ ಗಾತ್ರವನ್ನು ವೇರಿಯಬಲ್ ಮಾಡಿಟ್ಟ ಕೋಡ್ ತುಂಬಾ ಕಡೆ ನೋಡಿದ್ದೇನೆ. ಅದನ್ನು ಡಿಫೈನ್ ಆಗಿ ಬದಲಾಯಿಸುವುದೇ ಅಲ್ಲಿ ಮಾಡಬಹುದಾದ ಅತಿ ದೊಡ್ಡ ಸುಧಾರಣೆ.

ಪ್ರಶ್ನೆ: 1 ಅನ್ನು 31 ಸ್ಥಾನ ಎಡಕ್ಕೆ ಸರಿಸಿದ್ದಕ್ಕೆ ರಿವ್ಯೂನಲ್ಲಿ ವಾಪಸ್ ಕಳಿಸಿದರು. ಅಷ್ಟು ದೊಡ್ಡ ತಪ್ಪೇ?

ಹೌದು. ಸುಮ್ನೆ 1 ಅಂದರೆ ಸೈನ್ ಇರುವ ಇಂಟ್. ಅದನ್ನು 31 ಸರಿಸಿದರೆ ಸೈನ್ ಬಿಟ್ ಒಳಗೆ ಹೋಗುತ್ತದೆ, ಸಿ ಭಾಷೆಯ ನಿಯಮದಲ್ಲಿ ಅದು ಅನಿರ್ದಿಷ್ಟ. 64 ಬಿಟ್‌ಗೆ ಹಿಗ್ಗಿಸಿದಾಗ ಮೇಲಿನ 32 ಬಿಟ್‌ಗಳೂ 1 ಆಗಿಬಿಡುತ್ತವೆ. ಬಿಟ್ ಮ್ಯಾಕ್ರೋ ಬಳಸಿ, 32 ಬಿಟ್ ಯಂತ್ರದಲ್ಲೂ 64 ಬಿಟ್ ಬೇಕಾದರೆ ಅದರ ಯುಎಲ್‌ಎಲ್ ಆವೃತ್ತಿ ಬಳಸಿ. ಸಾಲಾಗಿ ಹಲವು ಬಿಟ್ ಬೇಕಾದರೆ ಜೆನ್‌ಮಾಸ್ಕ್: 7, 4 ಕೊಟ್ಟರೆ 4ರಿಂದ 7ರವರೆಗಿನ ಬಿಟ್‌ಗಳು 1 ಆಗಿ 240. ಎರಡನ್ನು ಅದಲು ಬದಲು ಕೊಟ್ಟರೆ, ಕಾನ್‌ಸ್ಟಂಟ್ ಆಗಿದ್ದರೆ, ಬಿಲ್ಡ್ ಅಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಬಿಟ್‌ಗಳನ್ನು ಸುತ್ತ ತಿರುಗಿಸುವುದಕ್ಕೆ, ಅಂದರೆ ರೊಟೇಟ್‌ಗೆ, ಸಿ ಭಾಷೆಯಲ್ಲಿ ಆಪರೇಟರ್ ಇಲ್ಲ. ಇದಕ್ಕಾದರೂ ಅಸೆಂಬ್ಲಿ ಬೇಕಲ್ಲ?

ಬೇಕಿಲ್ಲ. ಎಡಕ್ಕೆ ಒಂದಷ್ಟು ಸರಿಸಿ, ಬಲಕ್ಕೆ ಉಳಿದಷ್ಟು ಸರಿಸಿ, ಎರಡನ್ನೂ ಆರ್ ಮಾಡಿದ ಮಾದರಿಯನ್ನು ಜಿಸಿಸಿ, ಕ್ಲಾಂಗ್ ಎರಡೂ ಗುರುತು ಹಿಡಿದು ಒಂದೇ ಇನ್‌ಸ್ಟ್ರಕ್ಷನ್ ಮಾಡುತ್ತವೆ. ತಪ್ಪಾಗುವುದು ಒಂದು ಕಡೆ. ಉಳಿದಷ್ಟು ಅನ್ನುವುದನ್ನು 32ರಿಂದ ಕಳೆದು ಬರೆದರೆ, ಸರಿಸುವ ಸಂಖ್ಯೆ 0 ಆದಾಗ 32 ಸ್ಥಾನ ಸರಿಸಬೇಕಾಗುತ್ತದೆ, ಅದು ಅನಿರ್ದಿಷ್ಟ. ಕರ್ನಲ್‌ನ ಆರ್‌ಒಎಲ್32 ಇದನ್ನು ತಪ್ಪಿಸಲು ಎರಡೂ ಸಂಖ್ಯೆಗಳನ್ನು 31ರ ಜೊತೆ ಆಂಡ್ ಮಾಡುತ್ತದೆ. ಆ ಆಂಡ್‌ಗೆ ಬೆಲೆ ತೆರಬೇಕಾಗಿಲ್ಲ, ಎಕ್ಸ್86ನ ರೊಟೇಟ್ ಇನ್‌ಸ್ಟ್ರಕ್ಷನ್ ತಾನೇ ಹಾಗೆ ಮಾಡುತ್ತದೆ ಅಂತ ಕಂಪೈಲರ್‌ಗೆ ಗೊತ್ತು.

ಪ್ರಶ್ನೆ: ಅಸೆಂಬ್ಲಿ ಬರೆಯಲೇಬೇಕಾದರೆ ಏನು ಗಮನಿಸಬೇಕು?

ಲಕೋಟೆಯ ಮೇಲಿನ ವಿವರ ನಿಖರವಾಗಿರಲಿ. ಅಸೆಂಬ್ಲಿಗೆ ಔಟ್‌ಪುಟ್ ಇದ್ದು, ವೊಲಟೈಲ್ ಇಲ್ಲದಿದ್ದರೆ, ಉತ್ತರ ಬೇಡವಾದಾಗ ಅದನ್ನು ತೆಗೆದುಹಾಕುವ, ಒಂದೇ ಥರದ ಎರಡನ್ನು ಒಂದು ಮಾಡುವ ಸ್ವಾತಂತ್ರ್ಯ ಕಂಪೈಲರ್‌ಗೆ ಇದೆ. ಬರೀ ಬಿಟ್ ಲೆಕ್ಕಕ್ಕೆ ಅದೇ ಸರಿ. ಭಯಕ್ಕೆ ವೊಲಟೈಲ್ ಸೇರಿಸಿದರೆ ಆ ಸ್ವಾತಂತ್ರ್ಯ ಹೋಯಿತು. ಅಸೆಂಬ್ಲಿ ಏನೇನು ಬದಲಾಯಿಸಬಹುದು ಅಂತ ಹೇಳುವ ಕ್ಲಾಬರ್ ಪಟ್ಟಿಯಲ್ಲಿ ಮೆಮೊರಿ ಅಂತ ಬರೆದರೆ ಇನ್ನೂ ಭಾರ: ರಿಜಿಸ್ಟರ್‌ಗಳಲ್ಲಿ ಇಟ್ಟುಕೊಂಡಿದ್ದ ಮೆಮೊರಿಯ ಬೆಲೆಗಳನ್ನೆಲ್ಲ ಕಂಪೈಲರ್ ಬಿಟ್ಟು ಮತ್ತೆ ಓದಬೇಕು. ಲಾಕ್‌ಗಳಿಗೆ ಅದು ಬೇಕು, ಬಿಟ್ ಎಣಿಸುವುದಕ್ಕೆ ಬೇಡ.

ಇನ್ನೊಂದು ಸಣ್ಣ ವಿಷಯ. ಇನ್‌ಪುಟ್ ರಿಜಿಸ್ಟರ್‌ನಲ್ಲಾದರೂ ಇರಲಿ ಮೆಮೊರಿಯಲ್ಲಾದರೂ ಇರಲಿ ಅಂತ ಆಯ್ಕೆ ಕೊಟ್ಟರೆ, ಕ್ಲಾಂಗ್ ಬಹಳ ಕಾಲದಿಂದ ಮೆಮೊರಿಯನ್ನೇ ಆರಿಸುತ್ತಾ ಬಂದಿದೆ. ರಿಜಿಸ್ಟರ್‌ನಲ್ಲಿದ್ದ ಬೆಲೆಯನ್ನು ಸ್ಟಾಕ್‌ಗೆ ಬರೆದು ಅಲ್ಲಿಂದ ಓದುತ್ತದೆ. ಎರಡೂ ಕಂಪೈಲರ್‌ನಲ್ಲಿ ಬಿಲ್ಡ್ ಮಾಡಿ ನೋಡದೆ ಅಸೆಂಬ್ಲಿ ಒಪ್ಪಿಕೊಳ್ಳಬೇಡಿ.

ಪ್ರಶ್ನೆ: ಬದಲಾವಣೆಯಿಂದ ನಿಜಕ್ಕೂ ಉಪಯೋಗ ಆಯ್ತು ಅಂತ ಹೇಗೆ ತೋರಿಸುವುದು? ವೇಗ ಅಳೆದರೆ ವ್ಯತ್ಯಾಸವೇ ಕಾಣುತ್ತಿಲ್ಲ.

ಕಾಣದಿರುವುದು ಸಹಜ. ಒಂದು ಬಿಎಸ್‌ಎಫ್ ಹೋದರೆ ಇಡೀ ಸಿಸ್ಟಮ್‌ನ ಅಳತೆಯಲ್ಲಿ ಅದು ಗದ್ದಲದೊಳಗೆ ಮುಳುಗಿಹೋಗುತ್ತದೆ. ಬೆಂಚ್‌ಮಾರ್ಕ್ ಇದಕ್ಕೆ ತಕ್ಕ ಸಾಧನ ಅಲ್ಲ. ಹುಟ್ಟಿದ ಕೋಡನ್ನೇ ನೋಡಿ.

ಕರ್ನಲ್ ಸೋರ್ಸ್‌ನಲ್ಲಿ ಫೈಲಿನ ಹೆಸರಿನ ಕೊನೆಗೆ ಸಿ ಬದಲು ಎಸ್ ಹಾಕಿ ಮೇಕ್ ಕೊಟ್ಟರೆ ಆ ಒಂದೇ ಫೈಲಿನ ಅಸೆಂಬ್ಲಿ ಸಿಗುತ್ತದೆ. ಬದಲಾವಣೆಗೆ ಮುಂಚೆ ಒಂದು, ಆಮೇಲೆ ಒಂದು ತೆಗೆದು ಡಿಫ್ ಮಾಡಿ. ಇಡೀ ಕರ್ನಲ್‌ಗೆ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿ ಬ್ಲೋಟ್ ಓ ಮೀಟರ್ ಇದೆ, ಎರಡು ವಿಎಮ್‌ಲಿನಕ್ಸ್ ಫೈಲ್ (ಬಿಲ್ಡ್ ಆಗಿ ಬಂದ ಕರ್ನಲ್) ಕೊಟ್ಟರೆ ಯಾವ ಫಂಕ್ಷನ್ ಎಷ್ಟು ಬೈಟ್ ಬೆಳೆಯಿತು, ಎಷ್ಟು ಇಳಿಯಿತು ಅಂತ ಪಟ್ಟಿ ಕೊಡುತ್ತದೆ. ಕೆಲವು ಫಂಕ್ಷನ್ ಬೆಳೆದಿದ್ದರೆ ಗಾಬರಿ ಬೇಡ. ಒಂದು ಚಿಕ್ಕದಾದಾಗ ಕಂಪೈಲರ್ ಅದನ್ನು ಇನ್ನೊಂದರ ಒಳಗೆ ಇನ್‌ಲೈನ್ ಮಾಡಿರುತ್ತದೆ. ಒಟ್ಟು ಮೊತ್ತ ನೋಡಿ, ಆಮೇಲೆ ಜಾಸ್ತಿ ಬೆಳೆದ ಒಂದೆರಡನ್ನು ಆಬ್ಜ್‌ಡಂಪ್‌ನಲ್ಲಿ ಬಿಡಿಸಿ ಓದಿ.

ಎಲ್ಲಕ್ಕಿಂತ ಗಟ್ಟಿಯಾದ ದಾರಿ ಪರೀಕ್ಷೆಯನ್ನು ಕೋಡ್‌ನಲ್ಲೇ ಬಿಟ್ಟುಬರುವುದು. ಈ ಲೆಕ್ಕ ಕಂಪೈಲ್ ಹೊತ್ತಿಗೇ ಮುಗಿಯಬೇಕು ಅನ್ನುವ ಕಡೆ, ಬಿಲ್ಟಿನ್ ಕಾನ್‌ಸ್ಟಂಟ್ ಪಿ ಇಲ್ಲ ಅಂದರೆ ಬಿಲ್ಡ್ ನಿಲ್ಲಲಿ ಅಂತ ಬಿಲ್ಡ್ ಬಗ್ ಆನ್ ಬರೆಯಿರಿ. ಕರ್ನಲ್‌ನ ಬಿಟ್‌ಮ್ಯಾಪ್ ಪರೀಕ್ಷೆಯ ಫೈಲಿನಲ್ಲಿ ಇದೇ ರೀತಿಯ ಸಾಲುಗಳಿವೆ: ಬಿಟ್‌ಮ್ಯಾಪ್ ಒಂದನ್ನು ತುಂಬಿ, ಟೆಸ್ಟ್‌ಬಿಟ್‌ನ ಉತ್ತರ ಕಾನ್‌ಸ್ಟಂಟ್ ಆಗಿದೆಯಾ ಅಂತ ಕೇಳುತ್ತವೆ. ಇಂಥ ಪರೀಕ್ಷೆಯನ್ನು ಒಂದೇ ಕಂಪೈಲರ್, ಒಂದೇ ಆರ್ಕಿಟೆಕ್ಚರ್‌ನಲ್ಲಿ ಓಡಿಸಿ ಪ್ಯಾಚ್ ಕಳಿಸಬೇಡಿ. ಎಕ್ಸ್86ನಲ್ಲಿ ಕರಗಿದ್ದು ಬೇರೆ ಆರ್ಕಿಟೆಕ್ಚರ್‌ನ ಸ್ವಂತ ಅಸೆಂಬ್ಲಿ ಆವೃತ್ತಿಯಲ್ಲಿ ಕರಗದೆ ಅಲ್ಲಿನವರ ಬಿಲ್ಡ್ ಮುರಿಯಬಹುದು. ಜಿಸಿಸಿ ಮತ್ತು ಕ್ಲಾಂಗ್, 32 ಬಿಟ್ ಮತ್ತು 64 ಬಿಟ್, ಸ್ಯಾನಿಟೈಸರ್ (ಓಡುವಾಗ ತಪ್ಪು ಹಿಡಿಯಲು ಕಂಪೈಲರ್ ಸೇರಿಸುವ ಪರೀಕ್ಷೆಗಳು) ಹಾಕಿ ಒಂದು ಸಲ, ಹಾಕದೆ ಒಂದು ಸಲ. ಪ್ಯಾಚ್ ವಿವರಣೆಯಲ್ಲಿ ಮುಂಚಿನ ಮತ್ತು ಈಗಿನ ಅಸೆಂಬ್ಲಿಯ ಒಂದು ಚಿಕ್ಕ ತುಣುಕು ಹಾಕಿ, ರಿವ್ಯೂ ಮಾಡುವವರು ಮೊದಲು ನೋಡುವುದು ಅದನ್ನೇ.